ಸಾಲಿನಿಂದ ಇಳಿದ ಹೆಸರು

ಪಾಣೆಮಂಗಳೂರು
9 ಮಾರ್ಚ್ 1987

ಮಾನ್ಯ ಗಜಾನನ ಭಟ್ಟರಿಗೆ,

ನಾನು ವಾರಿಜಾಕ್ಷಿ. ಪಾಣೆಮಂಗಳೂರಿನ ಜಲಜಾ ಮುದ್ರಣಾಲಯದಲ್ಲಿ ನಿಮ್ಮ 'ಲಿಪಿಕಾರ'ದ ಮುಂದೆ ಕೂತು ಅಕ್ಷರ ಜೋಡಿಸುವವಳು. ಕಳೆದ ವರ್ಷ ನೀವು ಮೂಡಬಿದ್ರೆಯಿಂದ ಜೀಪಿನಲ್ಲಿ ಕಂಪ್ಯೂಟರ್ ತಂದು ಇಳಿಸಿ, ನೀವೇ ಬರೆದ ಈ ಪ್ರೋಗ್ರಾಮನ್ನು ಅದಕ್ಕೆ ಹಾಕಿ ಕೊಟ್ಟಾಗ ನಿಮಗೆ ಚಹಾ ತಂದುಕೊಟ್ಟವಳೂ ನಾನೇ. ನೆನಪಿದ್ದರೆ ಇರಲಿ, ಇಲ್ಲದಿದ್ದರೆ ಬೇಡ. ಬರೆಯುವ ವಿಷಯ ಬೇರೆ ಉಂಟು.

ಬೆಳ್ತಂಗಡಿ ಕಡೆಯ ಒಂದು ನೇಮೋತ್ಸವದ ಆಮಂತ್ರಣ ಪತ್ರಿಕೆ ನಮ್ಮಲ್ಲಿ ಅಚ್ಚಾಯಿತು. ಅಲ್ಲಿ ನಾಲ್ಕು ಮನೆಯವರು ಸೇರಿ ದೈವಕ್ಕೆ ನೇಮ ಕೊಡುವುದು. ನಾಲ್ಕು ಮನೆಯ ಯಜಮಾನರೂ ಒಂದೇ ಚಾಪೆಯಲ್ಲಿ ಕೂರಬೇಕು, ಪತ್ರಿಕೆಯಲ್ಲಿ ನಾಲ್ವರ ಹೆಸರೂ ಒಂದೇ ಸಾಲಿನಲ್ಲಿ ಬರಬೇಕು. ಅದರ ಕೆಳಗಿನ ಸಾಲಿನಲ್ಲಿ 'ಮತ್ತು ಊರ ಹತ್ತು ಸಮಸ್ತರು'. ನಾನು ಹಾಗೆಯೇ ಜೋಡಿಸಿ, ಪ್ರೂಫ್ ತೆಗೆದು, ಅವರಿಗೆ ತೋರಿಸಿ ಒಪ್ಪಿಗೆ ಪಡೆದಿದ್ದೆ. ನಡುವೆ ಒಂದು ಜವಳಿ ಅಂಗಡಿಯವರ ಸಪೂರ ಕರಪತ್ರ ಬಂತು. ಅದಕ್ಕೆ ಬೇಕೆಂದು ಸಾಲಿನ ಅಗಲ ಕಡಿಮೆ ಮಾಡಿದೆ. ಅದನ್ನು ಮುಗಿಸಿ ನೇಮದ ಪತ್ರಿಕೆಯನ್ನು ಅಚ್ಚಿಗೆ ತೆಗೆಯುವಾಗ ನಿಮ್ಮ ಲಿಪಿಕಾರ ಆ ಸಪೂರ ಅಗಲವನ್ನೇ ಹಿಡಿದುಕೊಂಡಿತ್ತು. ನಾಲ್ಕನೆಯ ಹೆಸರು, ಪಡ್ಪು ಮನೆಯ ರುಕ್ಮಯ್ಯ ಗೌಡರದ್ದು, ತಾನಾಗಿಯೇ ಕೆಳಗಿನ ಸಾಲಿಗೆ ಇಳಿದು ಊರ ಹತ್ತು ಸಮಸ್ತರ ಪಕ್ಕ ನಿಂತಿತು.

ಮತ್ತೊಮ್ಮೆ ಯಾಕೆ ಓದಲಿಲ್ಲ ಎಂದು ನೀವು ಕೇಳಬಹುದು. ನಾನು ಸೀಸದ ಮೊಳೆ ಜೋಡಿಸಿ ಕಲಿತವಳು. ಪ್ರೂಫ್ ಒಪ್ಪಿಗೆಯಾದ ಮೇಲೆ ಹಗ್ಗ ಕಟ್ಟಿ ಇಟ್ಟರೆ ಆಯಿತು, ಆ ಅಕ್ಷರ ಮತ್ತೆ ಜಾಗ ಬಿಟ್ಟು ಹೋಗುವುದಿಲ್ಲ. ಆಗ ಸಾಲಿನ ಅಗಲ ನಮ್ಮ ಕೈಯಲ್ಲಿದ್ದ, ಮೊಳೆ ಜೋಡಿಸುವ ಸ್ಟಿಕ್ಕಿನಲ್ಲೇ ಇರುತ್ತಿತ್ತು, ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಈಗ ಅದು ಎಲ್ಲೋ ಒಳಗೆ, ಒಂದರೊಳಗೆ ಒಂದು ಪಟ್ಟಿ ತೆರೆದು ಹೋದರೆ ಸಿಗುವುದು. ದಿನಕ್ಕೆ ಹತ್ತು ಸಲ ಬೇಕಾಗುವ ಉಪ್ಪಿನ ಮರಿಗೆಯನ್ನು ಅಟ್ಟದಲ್ಲಿಟ್ಟ ಹಾಗಾಗಿದೆ.

ರುಕ್ಮಯ್ಯ ಗೌಡರು ಮುದ್ರಣಾಲಯಕ್ಕೆ ಬಂದಿದ್ದರು. ಬೊಬ್ಬೆ ಹಾಕಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ನಮ್ಮನ್ನು ಚಾಪೆಯಿಂದ ಎಬ್ಬಿಸಿದ್ದು ಯಾರು ಅಂತ ಕೇಳುವ ಅಂತ ಬಂದೆ" ಎಂದರು. ನಮ್ಮ ಧಣಿ ನಾರಾಯಣಮೂರ್ತಿಯವರು ನನ್ನ ಮುಖ ನೋಡಿದರು.

ನನ್ನ ಕೋರಿಕೆ ಇಷ್ಟೆ. ಸಾಲಿನ ಅಗಲ ಎಷ್ಟಿದೆ ಎಂದು ಪರದೆಯ ಮೇಲೆ ಯಾವಾಗಲೂ ಕಾಣುವ ಹಾಗೆ ಮಾಡಿ. ಒಂದು ಕೀಲಿ ಒತ್ತಿದರೆ ಬದಲಿಸುವ ಹಾಗೆ ಮಾಡಿ. ಆಗಿಹೋದದ್ದು ನನ್ನ ಕೈ ತಪ್ಪಲ್ಲ, ಪ್ರೋಗ್ರಾಮು ಹಾಗಿದೆ ಎಂದು ಧಣಿಗೆ ಒಂದು ಸಾಲು ಬರೆದರೆ ದೊಡ್ಡ ಉಪಕಾರ. ನನ್ನ ಕೆಲಸದ ಪ್ರಶ್ನೆ ಅದು.

ಇತಿ,
ವಾರಿಜಾಕ್ಷಿ


ಮೂಡಬಿದ್ರೆ
20 ಮಾರ್ಚ್ 1987

ಕುಮಾರಿ ವಾರಿಜಾಕ್ಷಿಯವರಿಗೆ,

ನಿಮ್ಮ ಪತ್ರ ತಲುಪಿತು. ಲಿಪಿಕಾರದಲ್ಲಿ ದೋಷವಿಲ್ಲ. ಸಾಲಿನ ಅಗಲವನ್ನು ಬದಲಿಸಲು ಅದರಲ್ಲಿ ಏರ್ಪಾಡು ಉಂಟು. ಮುಖ್ಯ ಪಟ್ಟಿಯಲ್ಲಿ 'ವ್ಯವಸ್ಥೆ', ಅದರೊಳಗೆ 'ಮುದ್ರಣ', ಅದರೊಳಗೆ 'ಪುಟ', ಅದರೊಳಗೆ 'ಇತರೆ'. ಕೈಪಿಡಿಯ ನಾಲ್ಕನೆಯ ಅಧ್ಯಾಯ ನೋಡಿ.

ಅದನ್ನು ಒಳಗೆ ಇಟ್ಟದ್ದಕ್ಕೆ ಕಾರಣವಿದೆ. ಇಲ್ಲಿ ಒಂದು ಕಚೇರಿಯ ಗುಮಾಸ್ತರು ಎದುರಿಗೆ ಕಂಡ ಕೀಲಿಯನ್ನೆಲ್ಲ ಒತ್ತಿ, ವರ್ಷದ ವರದಿಯನ್ನು ಚಿಂದಿ ಮಾಡಿ, ನನ್ನನ್ನು ಬೈದರು. ಬಳಸುವವರ ಕೈಗೆ ಸುಲಭವಾಗಿ ಸಿಕ್ಕಿದ್ದೆಲ್ಲ ಹಾಳಾಗುತ್ತದೆ. ಈ ಪ್ರೋಗ್ರಾಮಿಗಾಗಿ ನಾನು ನಿದ್ದೆಗೆಟ್ಟು ಕೂತಿದ್ದೇನೆ. ಒಬ್ಬೊಬ್ಬರ ಅನುಕೂಲಕ್ಕೆ ಅದನ್ನು ಬದಲಿಸುತ್ತ ಹೋದರೆ ಮುಗಿಯುವುದಿಲ್ಲ.

ಅಚ್ಚಿಗೆ ಕೊಡುವ ಮೊದಲು ಅಗಲ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಗಮನ ಒಂದಿದ್ದರೆ ಸಾಕು.

ವಂದನೆಗಳು,
ಗಜಾನನ ಭಟ್


ಪಾಣೆಮಂಗಳೂರು
6 ಏಪ್ರಿಲ್ 1987

ಗಜಾನನ ಭಟ್ಟರಿಗೆ,

'ಮಾನ್ಯ' ಎಂದು ಬರೆದಿದ್ದೆ. ಹೊಡೆದು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ಬೇರೆ ಹಾಳೆ ತೆಗೆದುಕೊಂಡೆ.

ನನಗೆ ಕೈಪಿಡಿ ಓದಲು ಬರೆದ ದಿನವೇ ನೀವು ನಮ್ಮ ಧಣಿಗೂ ಒಂದು ಕಾಗದ ಹಾಕಿದ್ದೀರಿ. ಆ ಸುದ್ದಿಯನ್ನು ನನಗೆ ಬರೆದ ಕಾಗದದಲ್ಲಿ ಎತ್ತಲೇ ಇಲ್ಲ. ಧಣಿ ಅದನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿದರು. 'ಗಮನವಿಲ್ಲದವರನ್ನು ಯಂತ್ರದ ಮುಂದೆ ಕೂರಿಸಬೇಡಿ, ನನ್ನ ಹೆಸರು ಹಾಳಾಗುತ್ತದೆ.' ನಿಮ್ಮ ಹೆಸರಿನ ಚಿಂತೆ ನಿಮಗೆ. ಮರುದಿನ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಧಣಿಯ ಭಾವಮೈದುನ ಕೂತಿದ್ದ.

ಅಲ್ಲಿಗೂ ಮುಗಿಯಲಿಲ್ಲ. ಕಳೆದ ಭಾನುವಾರ ಧಣಿ ನನ್ನನ್ನು ಪಡ್ಪು ಮನೆಗೆ ಕರೆದುಕೊಂಡು ಹೋದರು, ತಪ್ಪುಕಾಣಿಕೆ ಹಾಕಲಿಕ್ಕೆ. ದೈವದ ಕಲ್ಲಿನ ಎದುರು ನಾಣ್ಯವಿಟ್ಟು, ನಿಂತವರಿಗೆಲ್ಲ ಕೇಳುವ ಹಾಗೆ 'ತಪ್ಪು ನನ್ನದು' ಎಂದು ಹೇಳಬೇಕು. ರುಕ್ಮಯ್ಯ ಗೌಡರು ಜಗಲಿಯಲ್ಲಿ ಕೂತಿದ್ದರು. ಹೆಂಗಸರು ಬಾಗಿಲ ಹಿಂದಿನಿಂದ ನೋಡುತ್ತಿದ್ದರು. ಧಣಿ ಅಂಗಳದ ಆಚೆ ಬದಿಯಲ್ಲಿ ನೆರಳು ಹುಡುಕಿ ನಿಂತು, "ಹೇಳಿ ಮುಗಿಸು, ಬಸ್ಸಿಗೆ ಹೊತ್ತಾಯ್ತು" ಎಂದರು.

ಹೇಳಿದೆ. ನನ್ನದಲ್ಲದ ತಪ್ಪನ್ನು ನನ್ನದು ಎಂದು ದೈವದ ಎದುರು ನನ್ನ ಬಾಯಿಯಿಂದಲೇ ಹೇಳಿದೆ. ಒಬ್ಬರೂ ಒಂದು ಲೋಟ ನೀರು ಬೇಕಾ ಎಂದು ಕೇಳಲಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಅಮ್ಮ ಪೂವಮ್ಮ ಬೀಡಿಯ ಗೆರಸೆಯನ್ನು ಬದಿಗಿಟ್ಟು, "ಸುಳ್ಳು ಹೇಳಿ ಬಂದಿಯಾ ಅಲ್ಲಿ?" ಎಂದು ಕೇಳಿದರು. ಅವರ ಮುಖ ನೋಡಲಿಕ್ಕೆ ಆಗಲಿಲ್ಲ ನನಗೆ.

ಬಸ್ಸಿನಲ್ಲಿ ಬರುವಾಗಲೇ ಒಂದು ನಿಶ್ಚಯ ಮಾಡಿದ್ದೆ. ಅದೇ ಅಂಗಳದಲ್ಲಿ, ಅದೇ ಕಲ್ಲಿನ ಎದುರು ನೀವು ನಿಂತು ಅದೇ ಮಾತು ಹೇಳುವವರೆಗೆ ನಾನು ಬಿಡುವುದಿಲ್ಲ. ಇದು ಬೆದರಿಕೆ ಅಂತ ತಿಳಿಯಬೇಡಿ, ಬೆದರಿಸುವಷ್ಟು ದೊಡ್ಡವಳಲ್ಲ ನಾನು. ಸುಮ್ಮನೆ ತಿಳಿಸಿಟ್ಟದ್ದು.

ವಾರಿಜಾಕ್ಷಿ


(ಅಂಚೆ ಕಾರ್ಡು)
ಪಾಣೆಮಂಗಳೂರು
2 ಜುಲೈ 1987

ಗಜಾನನ ಭಟ್ಟರಿಗೆ,

ಮೂರು ತಿಂಗಳಾಯಿತು, ನಿಮ್ಮ ಉತ್ತರವಿಲ್ಲ. ಅದಕ್ಕೇ ಈ ಸಲ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚೆಯವನೂ ಓದಲಿ. ನಾನೀಗ ಬೀಫಾತಿಮಾಳ ಜೊತೆ ಹಾಳೆ ಮಡಚುವ ಮೇಜಿನಲ್ಲಿದ್ದೇನೆ. ಧಣಿಯ ಭಾವಮೈದುನನಿಗೆ ಗಮನ ಬಹಳ. ಮೊನ್ನೆ ಮೆಲ್ಕಾರಿನ ಹೋಟೆಲಿನ ತಿಂಡಿ ಪಟ್ಟಿ ಅಚ್ಚು ಹಾಕಿದ. ಸಾಲು ಮುರಿದು ಗೋಳಿಬಜೆಯ ದರ ಬನ್ಸಿನ ಎದುರು, ಬನ್ಸಿನದ್ದು ನೀರುದೋಸೆಯ ಎದುರು ಹೋಗಿ ಕೂತಿದೆ. "ಎಂತ ಮಾರಾಯ್ತಿ, ಇದಕ್ಕೂ ತಪ್ಪುಕಾಣಿಕೆ ಉಂಟಾ?" ಎಂದು ಬೀಫಾತಿಮಾ ನಕ್ಕಳು. ನನಗೆ ನಗು ಬರಲಿಲ್ಲ. ಅವನ ವಿಷಯದಲ್ಲಿ ನೀವು ಧಣಿಗೆ ಕಾಗದ ಬರೆದ ಸುದ್ದಿ ಇಲ್ಲ.

ವಾ.


ಮೂಡಬಿದ್ರೆ
11 ಜನವರಿ 1988

ಸೋದರಿ ವಾರಿಜಾಕ್ಷಿಯವರಿಗೆ,

ಕ್ಷೇಮವೆಂದು ನಂಬುತ್ತೇನೆ. ನಿಮ್ಮ ಧಣಿಯವರು ಫೋನಿನಲ್ಲಿ ಸಿಕ್ಕಿದ್ದರು. ಅವರ ಭಾವಮೈದುನ ಕೆಲಸ ಬಿಟ್ಟನಂತೆ, ನೀವೇ ಮತ್ತೆ ಲಿಪಿಕಾರದಲ್ಲಿ ಕೂರುತ್ತಿದ್ದೀರಂತೆ. ಬಹಳ ಸಂತೋಷ. ಹಿಂದೆ ಏನೋ ಸಣ್ಣ ತಕರಾರು ಆಗಿತ್ತಲ್ಲ, ಕೆಲಸದ ಗಡಿಬಿಡಿಯಲ್ಲಿ ನಿಮಗೆ ಉತ್ತರಿಸಲು ಆಗಲಿಲ್ಲ. ನೀವು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರಿರಿ.

ಸಂತೋಷದ ಸುದ್ದಿಯೊಂದು ಉಂಟು. ಫೆಬ್ರವರಿ 22ಕ್ಕೆ ನನ್ನ ಮದುವೆ. ಹುಡುಗಿ ದಮಯಂತಿ, ಕಲ್ಲಡ್ಕದವಳು, ಮದುವೆ ಅವರ ಮನೆಯ ಚಪ್ಪರದಲ್ಲಿ. ಲಗ್ನಪತ್ರಿಕೆಯನ್ನು ಲಿಪಿಕಾರದಲ್ಲೇ ಜೋಡಿಸಿ ನಿಮ್ಮಲ್ಲೇ ಅಚ್ಚು ಹಾಕಿಸಬೇಕೆಂದು ನನ್ನ ಆಸೆ. ಬಂದವರೆಲ್ಲ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂದೊಂದು ಸಾಲನ್ನೂ ನಾನೇ ಇಲ್ಲಿ ಕೂರಿಸಿ ಫ್ಲಾಪಿಯಲ್ಲಿ ಕಳಿಸುತ್ತೇನೆ.

ಅದರಲ್ಲಿ ಒಂದು ಹೆಸರು ನನಗೆ ಮುಖ್ಯ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳ್ತಂಗಡಿಯ ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದವರು ಸೋದರಮಾವ ಮಹಾಲಿಂಗೇಶ್ವರ ಭಟ್ಟರು. ಅವರು ಮೇಷ್ಟ್ರಾಗಿದ್ದವರು. ಆಹ್ವಾನಿಸುವವರ ಸಾಲಿನಲ್ಲಿ ಅಮ್ಮ ಮೂಕಾಂಬಿಕಾ ಅವರ ಹೆಸರಿನ ಜೊತೆಗೇ ಮಾವನ ಹೆಸರು ಇದೆ. ಮಾವ ಸ್ವಲ್ಪ ಸೂಕ್ಷ್ಮ. ಮೊನ್ನೆ ಹೋದಾಗ ಹೇಳಿ ಬಂದೆ, "ಈ ಪತ್ರಿಕೆಯ ಪ್ರತಿ ಸಾಲೂ ನಾನೇ ಕೂರಿಸುವುದು ಮಾವ, ನನ್ನ ಯಂತ್ರ ತಪ್ಪುವುದಿಲ್ಲ." ಅವರ ಮುಖ ಅರಳಿತು.

ನೀವೂ ಮದುವೆಗೆ ಬರಬೇಕು.

ನಿಮ್ಮ,
ಗಜಾನನ


ಪಾಣೆಮಂಗಳೂರು
16 ಜನವರಿ 1988

ಮಾನ್ಯ ಗಜಾನನ ಭಟ್ಟರಿಗೆ,

ನಿಮ್ಮ ಕಾಗದ ಓದಿ ಸಂತೋಷವಾಯಿತು. ಮನಸ್ಸಿನಲ್ಲಿ ಇಟ್ಟುಕೊಳ್ಳಲಿಕ್ಕೆ ನಾವೆಲ್ಲಿಯವರು. ಲಗ್ನಪತ್ರಿಕೆಯ ಕೆಲಸ ನಾನೇ ಮಾಡುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ.

ಎರಡು ಮಾತು ಕೇಳಲಿಕ್ಕೆ ಉಂಟು. ಅಚ್ಚಿಗೆ ಮೊದಲು ನೀವು ಪ್ರೂಫ್ ನೋಡುತ್ತೀರಲ್ಲ? ಕಲ್ಲಡ್ಕಕ್ಕೆ ಹೋಗುವಾಗ ಇಲ್ಲಿ ಒಮ್ಮೆ ಬಸ್ಸಿಳಿದರೆ ಸಾಕು. ಇನ್ನೊಂದು, ಆ ಸಾಲಿನ ಅಗಲದ ವಿಷಯ. ಹೇಗೂ ಫ್ಲಾಪಿ ಕಳಿಸುತ್ತೀರಿ. ಅದರ ಜೊತೆಗೆ ಲಿಪಿಕಾರವನ್ನೂ ಸ್ವಲ್ಪ ತಿದ್ದಿ ಕಳಿಸಬಹುದಲ್ಲವೇ? ಅಗಲ ಕಣ್ಣಿಗೆ ಕಂಡರೆ ಸಾಕು. ನಿಮ್ಮ ಮದುವೆಯ ನೆನಪಿಗೆ ನಮಗೊಂದು ಉಪಕಾರ ಎಂದುಕೊಳ್ಳುತ್ತೇವೆ.

ಇದನ್ನು ಇನ್ನೊಮ್ಮೆ ಕೇಳುತ್ತಿದ್ದೇನೆ. ಮತ್ತೆ ಕೇಳುವುದಿಲ್ಲ.

ಇತಿ,
ವಾರಿಜಾಕ್ಷಿ


ಮೂಡಬಿದ್ರೆ
25 ಜನವರಿ 1988

ಸೋದರಿ ವಾರಿಜಾಕ್ಷಿಯವರಿಗೆ,

ನಿಮ್ಮ ಸೌಜನ್ಯ ನೋಡಿ ಮನಸ್ಸು ಹಗುರವಾಯಿತು. ಫ್ಲಾಪಿಯನ್ನು ರಟ್ಟಿನ ನಡುವೆ ಇಟ್ಟು ಕಳಿಸಿದ್ದೇನೆ. ಪ್ರೂಫ್ ಬೇಡ. ನಾನು ಇಲ್ಲಿ ತೆಗೆದು ನೋಡಿದ್ದೇನೆ, ಸರಿಯಾಗಿದೆ. ದಯವಿಟ್ಟು ಒಂದು ಅಕ್ಷರವನ್ನೂ ಮುಟ್ಟಬೇಡಿ, ಇದ್ದ ಹಾಗೆಯೇ ಅಚ್ಚಿಗೆ ಕೊಡಿ.

ವಿಳಾಸ ಬರೆದ ಲಕೋಟೆಗಳೂ ಕಟ್ಟಿನಲ್ಲಿವೆ. ಅಲ್ಲಿಂದಲೇ ಅಂಚೆಗೆ ಹಾಕಿಸಿ, ಉಳಿದ ಪತ್ರಿಕೆಗಳನ್ನು ಮೂಡಬಿದ್ರೆ ಬಸ್ಸಿನಲ್ಲಿ ಕಳಿಸಿ. ನಾನು ಒಂದು ವಾರ ಮಣಿಪಾಲದಲ್ಲಿರುತ್ತೇನೆ.

ಅಗಲದ ವಿಷಯ ಮದುವೆ ಕಳೆದ ಮೇಲೆ ನೋಡುವ. ಅದು ಅಷ್ಟು ದೊಡ್ಡ ವಿಷಯವೂ ಅಲ್ಲವಲ್ಲ.

ಗಜಾನನ


ಪಾಣೆಮಂಗಳೂರು
2 ಫೆಬ್ರವರಿ 1988

ಮಾನ್ಯರೇ,

ನೀವು ಹೇಳಿದ ಹಾಗೆಯೇ ಆಗಿದೆ. ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಲಕೋಟೆಗಳನ್ನು ನಾನೇ ಅಂಚೆಗೆ ಹಾಕಿದೆ. ಬೆಳ್ತಂಗಡಿಯ ಲಕೋಟೆಯನ್ನು ಎಲ್ಲಕ್ಕಿಂತ ಮೊದಲು ಹಾಕಿದೆ, ಹಿರಿಯರಲ್ಲವೇ. ನಿಮ್ಮ ಕಟ್ಟು ಬಸ್ಸಿನಲ್ಲಿ ಬರುತ್ತಿದೆ.

ವಾರಿಜಾಕ್ಷಿ


ಮೂಡಬಿದ್ರೆ
9 ಫೆಬ್ರವರಿ 1988

ವಾರಿಜಾಕ್ಷಿಯವರೇ,

ಇದೇನು ಮಾಡಿಬಿಟ್ಟಿರಿ? ಮಣಿಪಾಲದಿಂದ ಬಂದು ಕಟ್ಟು ಬಿಚ್ಚಿದೆ. ಆಹ್ವಾನಿಸುವವರ ಸಾಲಿನಲ್ಲಿ ಅಮ್ಮ ಒಬ್ಬಳೇ ನಿಂತಿದ್ದಾಳೆ. ಮಾವನ ಹೆಸರು ಕೆಳಗಿನ ಸಾಲಿಗೆ ಇಳಿದು 'ಹಾಗೂ ಬಂಧು ಮಿತ್ರರು' ಎಂಬುದರ ಜೊತೆ ಸೇರಿಕೊಂಡಿದೆ.

ಉಟ್ಟ ಬಟ್ಟೆಯಲ್ಲೇ ಬೆಳ್ತಂಗಡಿಗೆ ಓಡಿದೆ. ಮಾವ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಚ್ಚಿನವರ ತಪ್ಪು ಎಂದೆ. "ನೀನೇ ಕೂರಿಸಿದ್ದು ಅಂತ ನೀನೇ ಹೇಳಿದ್ದಲ್ಲವಾ? ಯಂತ್ರ ತಪ್ಪುವುದಿಲ್ಲ ಅಂತಲೂ ಹೇಳಿದಿ. ಹಾಗಾದ್ರೆ ಇದು ತಪ್ಪಲ್ಲ" ಎಂದರು. ಕಾಲು ಹಿಡಿದೆ. "ನಾನು ಬರ್ತೇನೆ. ಬಂಧು ಮಿತ್ರರು ಬಂದ ಹಾಗೆ ಬರ್ತೇನೆ" ಎಂದು ಎದ್ದು ಒಳಗೆ ಹೋದರು. ಬೇರೆ ಅಚ್ಚು ಹಾಕಿಸಿ ತರುತ್ತೇನೆ ಎಂದು ಹೊರಗಿನಿಂದ ಕೂಗಿ ಹೇಳಿದೆ. ಊರೆಲ್ಲ ಹಂಚಿದ ಮೇಲೆ ನನಗೊಬ್ಬನಿಗೆ ಬೇರೆ ಪತ್ರಿಕೆ ಯಾಕೆ ಎಂದು ಅತ್ತೆಯ ಹತ್ತಿರ ಹೇಳಿ ಕಳಿಸಿದರು.

ನಿಮ್ಮ ಯಂತ್ರದಲ್ಲಿ ಅಗಲ ಎಷ್ಟಿತ್ತು? ಅಚ್ಚಿಗೆ ಕೊಡುವ ಮೊದಲು ಒಂದು ಸಲ ಕಣ್ಣು ಹಾಯಿಸಬಾರದಿತ್ತೇ? ಇದಕ್ಕೆ ನೀವು ಉತ್ತರ ಹೇಳಬೇಕು.

ಗಜಾನನ ಭಟ್


ಪಾಣೆಮಂಗಳೂರು
13 ಫೆಬ್ರವರಿ 1988

ಗಜಾನನ ಭಟ್ಟರಿಗೆ,

ಲಿಪಿಕಾರದಲ್ಲಿ ದೋಷವಿಲ್ಲ. ಸಾಲಿನ ಅಗಲವನ್ನು ಬದಲಿಸಲು ಅದರಲ್ಲಿ ಏರ್ಪಾಡು ಉಂಟು. ಕೈಪಿಡಿಯ ನಾಲ್ಕನೆಯ ಅಧ್ಯಾಯ ನೋಡಿ. ಗಮನ ಒಂದಿದ್ದರೆ ಸಾಕು.

ಈ ಮಾತುಗಳು ಯಾರವೆಂದು ನಿಮಗೆ ಗೊತ್ತು. ನನ್ನವು ಇಷ್ಟೆ. ನಿಮ್ಮ ಫ್ಲಾಪಿ ಬರುವ ಹಿಂದಿನ ದಿನ ನಮ್ಮಲ್ಲಿ ಯಕ್ಷಗಾನದ ಸಪೂರ ಕರಪತ್ರ ಅಚ್ಚಾಗಿತ್ತು. ಅಗಲ ಅದರದ್ದೇ ಉಳಿದಿತ್ತು. ನಿಮ್ಮ ಯಂತ್ರದಲ್ಲಿ ನೀವು ಕೂರಿಸಿದ ಅಗಲ ಫ್ಲಾಪಿಯಲ್ಲಿ ಬರುವುದಿಲ್ಲ, ಯಾಕೆಂದರೆ ನಿಮ್ಮ ಲಿಪಿಕಾರ ಅದನ್ನು ಬರಹದ ಜೊತೆ ಇಟ್ಟುಕೊಳ್ಳುವುದಿಲ್ಲ. ಇದನ್ನು ಬರೆದವರು ನೀವು, ನಾನಲ್ಲ. ಪ್ರೂಫ್ ಬೇಡ ಎಂದಿರಿ. ಮುಟ್ಟಬೇಡಿ ಎಂದಿರಿ. ಎರಡೂ ನಿಮ್ಮ ಕೈಬರಹದಲ್ಲಿ ಉಂಟು. ಧಣಿ ಕರೆದು ಕೇಳಿದಾಗ ಆ ಕಾಗದವನ್ನು ಎಲ್ಲರ ಎದುರು ಓದಿದೆ. ಈ ಸಲ ಗಟ್ಟಿಯಾಗಿ ಓದಿದ್ದು ನಾನು.

ಮದುವೆಗೆ ಕರೆದಿದ್ದೀರಿ. ಬರುತ್ತೇನೆ.

ವಾರಿಜಾಕ್ಷಿ


ಮೂಡಬಿದ್ರೆ
1 ಮಾರ್ಚ್ 1988

ವಾರಿಜಾಕ್ಷಿಯವರಿಗೆ,

ಮದುವೆ ಆಯಿತು. ಮಾವ ಬಂದರು. ಚಪ್ಪರದ ಕೊನೆಯ ಬೆಂಚಿನಲ್ಲಿ, ಗುರುತು ಪರಿಚಯವಿಲ್ಲದವರ ನಡುವೆ ಕೂತರು. ಅಮ್ಮನೇ ಹೋಗಿ ಕರೆದಳು. "ಇಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದರಂತೆ. ಧಾರೆಯ ಹೊತ್ತಿಗೆ ಅವರು ನಿಲ್ಲಬೇಕಾದ ಜಾಗದಲ್ಲಿ ಅಮ್ಮನ ದೂರದ ತಮ್ಮನೊಬ್ಬ ನಿಂತ. ಮಾವ ಊಟ ಮಾಡಿ, ಎಲ್ಲರ ಹಾಗೆ ಸಾಲಿನಲ್ಲಿ ಬಂದು ಉಡುಗೊರೆ ಕೊಟ್ಟು "ಒಳ್ಳೇದಾಗಲಿ" ಎಂದರು. ಹುಟ್ಟಿದಾಗಿನಿಂದ ನನ್ನನ್ನು 'ಗಜು' ಎಂದು ಕರೆದವರು ಅಂದು ಹೆಸರು ಎತ್ತಲಿಲ್ಲ.

ನಾನು ಮಂಟಪದಲ್ಲಿ ಕೂತು ಅಳಲೂ ಆಗದೆ ನಗಲೂ ಆಗದೆ ಇದ್ದೆ. ದಮಯಂತಿ ಇನ್ನೂ ಕೇಳುತ್ತಾಳೆ, ಅಂದು ಯಾಕೆ ಹಾಗಿದ್ದಿರಿ ಎಂದು.

ನೀವು ಅದೇ ಬೆಂಚಿನಲ್ಲಿ ಇದ್ದಿರಿ. ಮಾವ ನಿಮ್ಮ ಹತ್ತಿರ ಏನೋ ಮಾತಾಡುತ್ತಿದ್ದರು. ಏನು ಮಾತಾಡಿದರು? ನಾನು ಯಂತ್ರದ ತಪ್ಪು ಎಂದರೆ ಅವರು ನಂಬುವುದಿಲ್ಲ. ಅಚ್ಚಿನವರೇ ಬಂದು ಹೇಳಿದರೆ ನಂಬುತ್ತಾರೆ. ಕೈ ಮುಗಿದು ಕೇಳುತ್ತೇನೆ, ಒಮ್ಮೆ ಬೆಳ್ತಂಗಡಿಗೆ ಹೋಗಿ ಹೇಳಿ.

ಕೇಳಬಾರದು ಎಂದುಕೊಂಡಿದ್ದೆ, ಆದರೂ ಕೇಳುತ್ತೇನೆ. ಗೊತ್ತಿದ್ದೇ ಮಾಡಿದಿರಾ?

ಗಜಾನನ


ಪಾಣೆಮಂಗಳೂರು
6 ಮಾರ್ಚ್ 1988

ಗಜಾನನ ಭಟ್ಟರಿಗೆ,

ನಿಮ್ಮ ಮಾವನೇ ಮಾತಿಗೆ ಶುರು ಮಾಡಿದ್ದು. "ನೀವು ಹುಡುಗಿ ಕಡೆಯವರಾ?" ಎಂದು ಕೇಳಿದರು. ಅಲ್ಲ, ಪತ್ರಿಕೆ ಅಚ್ಚಾದ ಕಡೆಯವಳು ಎಂದೆ. ಜೇಬಿನಿಂದ ಲಗ್ನಪತ್ರಿಕೆ ತೆಗೆದರು. ಬೈಯುತ್ತಾರೆಂದು ತಿಳಿದೆ. "ಅಕ್ಷರ ಚೆಂದ ಬಂದಿದೆ. ಈ ಅಕ್ಷರವೂ ಅವನೇ ಮಾಡಿದ್ದಂತೆ ಅಲ್ಲವಾ? ಸಣ್ಣವನಿರುವಾಗ ಅವನಿಗೆ 'ಳ' ಬರೀಲಿಕ್ಕೆ ಬರ್ತಿರಲಿಲ್ಲ, ನಾನೇ ಕೈ ಹಿಡಿದು ಸ್ಲೇಟಿನಲ್ಲಿ ತಿದ್ದಿಸಿದ್ದು" ಎಂದರು. ಮತ್ತೆ ಪತ್ರಿಕೆಯನ್ನು ಮಡಚದೆ, ಮುದುಡದ ಹಾಗೆ ಜೇಬಿಗೆ ಹಾಕಿಕೊಂಡರು.

ನನಗೆ ಆ ದಿನ ಊಟ ಸೇರಲಿಲ್ಲ. ಹೇಳಿಬಿಡುತ್ತೇನೆ, ಯಾಕೆ ಮುಚ್ಚಿಡಬೇಕು. ನೀವು ಮಂಟಪದಲ್ಲಿ ಮುಖ ಸಣ್ಣ ಮಾಡಿ ಕೂತದ್ದನ್ನು ನೋಡಲಿಕ್ಕೆಂದೇ ಬಂದವಳು ನಾನು. ನೋಡಿದೆ, ಹೊಟ್ಟೆ ತಣ್ಣಗಾಯಿತು. ಪಕ್ಕದಲ್ಲಿ ಆ ಹಿರಿಯರು ಕೂತಿರುತ್ತಾರೆಂದು ನಾನು ಲೆಕ್ಕ ಹಾಕಿರಲಿಲ್ಲ. ಆದರೆ ಅದರಿಂದ ನಿಮ್ಮ ಮೇಲಿನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಸಾಲಿನಿಂದ ಇಳಿದವರ ಸಂಕಟ ಏನೆಂದು ನಿಮಗೆ ಈಗ ಗೊತ್ತಾದದ್ದು, ನಿಮ್ಮ ಮನೆಯವರೇ ಇಳಿದ ಮೇಲೆ. ರುಕ್ಮಯ್ಯ ಗೌಡರು ಇಳಿದಾಗ ಅದು ನಿಮಗೆ ಸಣ್ಣ ತಕರಾರು.

ಬೆಳ್ತಂಗಡಿಗೆ ಹೋಗುತ್ತೇನೆ. ಆದರೆ ಅದಕ್ಕೆ ಮೊದಲು ನೀವು ಹೋಗಬೇಕಾದ ಜಾಗ ಒಂದು ಉಂಟು. ಪಡ್ಪು ಮನೆಯ ಅಂಗಳ. ಕಲ್ಲಿನ ಎದುರು ಕಾಣಿಕೆ ಇಟ್ಟು, ರುಕ್ಮಯ್ಯ ಗೌಡರಿಗೆ ಕೇಳುವ ಹಾಗೆ, 'ಹೋದ ವರ್ಷದ ತಪ್ಪು ನನ್ನದು, ಆ ಹುಡುಗಿಯದ್ದಲ್ಲ' ಎಂದು ಹೇಳಬೇಕು. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಬಾರದು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಎಲ್ಲ ಮುಗಿದ ಮೇಲೆ.

ವಾರಿಜಾಕ್ಷಿ


ಮೂಡಬಿದ್ರೆ
30 ಮಾರ್ಚ್ 1988

ವಾರಿಜಾಕ್ಷಿಯವರಿಗೆ,

ಹೋಗಿ ಬಂದೆ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ಹಿಂದೆ ಬಂದಿದ್ದೆ, ಮೂರನೆಯ ಸಲ ಹತ್ತಿದೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತಾಗ ನೆಲ ಸುಡುತ್ತಿತ್ತು. ನಾನು ಯಾರೆಂದು ಹೇಳಿದೆ. ಯಂತ್ರದ ವಿಷಯ ಅವರಿಗೆ ಅರ್ಥವಾಗುವ ಹಾಗೆ ಹೇಳಲು ಹೊರಟು, ನಡುವೆ ನಿಲ್ಲಿಸಿದೆ. "ತಪ್ಪು ನನ್ನದು. ಆ ಹುಡುಗಿ ನನಗೆ ಬರೆದು ತಿಳಿಸಿದ್ದರು, ನಾನು ಅವರ ಮೇಲೆಯೇ ಹಾಕಿದೆ" ಎಂದೆ. ಆ ಮಾತು ಬಾಯಿಂದ ಬರುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ನೀವು ಅದನ್ನು ಸುಳ್ಳಾಗಿ ಹೇಳಬೇಕಾಯಿತು ಎಂಬುದು ಅಲ್ಲಿ ನಿಂತಾಗ ತಲೆಗೆ ಹೋಯಿತು.

ರುಕ್ಮಯ್ಯ ಗೌಡರು ಜಗಲಿಯಿಂದ ಇಳಿದು ಬಂದರು. ಆಮೇಲೆ, "ಅವತ್ತು ಆ ಹುಡುಗಿ ಅಲ್ಲೇ ನಿಂತದ್ದು. ನಾವು ಒಂದು ಲೋಟ ನೀರು ಕೂಡ ಕೊಡಲಿಲ್ಲ" ಎಂದರು. ನನಗೆ ಬೆಲ್ಲ ನೀರು ಕೊಟ್ಟರು. ಕುಡಿಯಲು ನಾಚಿಕೆಯಾಯಿತು. ಮುಂದಿನ ನೇಮದ ಪತ್ರಿಕೆಯನ್ನು ನೀವೇ ಜೋಡಿಸಬೇಕಂತೆ, ಬೇರೆಯವರಾದರೆ ಬೇಡವಂತೆ. ಧಣಿಗೂ ಹಾಗೆಯೇ ಹೇಳಿ ಕಳಿಸುತ್ತಾರೆ. ನಾನೂ ಧಣಿಗೆ ಬರೆದಿದ್ದೇನೆ. ಅದರ ನಕಲು ಇದರ ಜೊತೆ ಉಂಟು, ಈ ಸಲ ನಿಮ್ಮಿಂದ ಮುಚ್ಚಿಡಲಿಲ್ಲ.

ಹೊಸ ಫ್ಲಾಪಿ ಕಳಿಸಿದ್ದೇನೆ. ಈಗ ಪರದೆಯ ಮೇಲಿನ ಅಂಚಿನಲ್ಲಿ ಸಾಲಿನ ಅಗಲ ಯಾವಾಗಲೂ ಕಾಣುತ್ತದೆ. ಎಫ್ ಫೋರ್ ಕೀಲಿ ಒತ್ತಿದರೆ ಅಲ್ಲೇ ಬದಲಿಸಬಹುದು. ಪ್ರತಿಯೊಂದು ಬರಹವೂ ತನ್ನ ಅಗಲವನ್ನು ತಾನೇ ಇಟ್ಟುಕೊಳ್ಳುತ್ತದೆ, ಒಂದರದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಒಂದು ಸಂಜೆಯ ಕೆಲಸ.

ಇನ್ನು ಬೆಳ್ತಂಗಡಿಯ ವಿಷಯ ನಿಮ್ಮ ಕೈಯಲ್ಲಿದೆ.

ಗಜಾನನ


ಪಾಣೆಮಂಗಳೂರು
12 ಏಪ್ರಿಲ್ 1988

ಗಜಾನನ ಭಟ್ಟರಿಗೆ,

ಫ್ಲಾಪಿ ಸಿಕ್ಕಿತು. ಕೀಲಿ ಸರಿಯಾಗಿ ಕೆಲಸ ಮಾಡುತ್ತದೆ. ಸಪೂರ ಕರಪತ್ರ ಮುಗಿಸಿ ದೊಡ್ಡ ಪತ್ರಿಕೆ ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದು ನೋಡಿದೆ. ಒಂದು ಹೆಸರೂ ಜಾಗ ಬಿಡಲಿಲ್ಲ. ಬೀಫಾತಿಮಾ ಹಿಂದೆ ನಿಂತು ನೋಡಿ, "ಇಷ್ಟೇ ಆಗಿದ್ದಾ? ಇಷ್ಟಕ್ಕೆ ಒಂದು ವರ್ಷವಾ?" ಎಂದಳು. ಒಂದು ಸಂಜೆಯ ಕೆಲಸ ಎಂದು ನೀವು ಬರೆದದ್ದನ್ನು ಓದಿ ನನಗೆ ಹೊಸದಾಗಿ ಸಿಟ್ಟು ಬಂತು. ಆ ಒಂದು ಸಂಜೆ ನಿಮಗೆ ಹೋದ ಮಾರ್ಚಿನಲ್ಲಿ ಸಿಕ್ಕಿದ್ದರೆ, ನಾವಿಬ್ಬರೂ ಆ ಅಂಗಳ ನೋಡಬೇಕಾಗಿರಲಿಲ್ಲ.

ಮೊನ್ನೆ ಬೆಳ್ತಂಗಡಿಗೆ ಹೋದೆ. ನಿಮ್ಮ ಲಗ್ನಪತ್ರಿಕೆಯ ಎರಡು ಹಾಳೆಗಳನ್ನು ತೆಗೆದುಕೊಂಡು ಹೋಗಿದ್ದೆ, ಹಳೆಯ ಲಿಪಿಕಾರದ್ದು, ಹೊಸದರದ್ದು. ನಿಮ್ಮ ಮಾವನ ಎದುರು ಎರಡನ್ನೂ ಇಟ್ಟೆ. ಹೊಸದರಲ್ಲಿ ಅವರ ಹೆಸರು ನಿಮ್ಮ ಅಮ್ಮನ ಪಕ್ಕ, ಹಳೆಯದರಲ್ಲಿ ಕೆಳಗೆ. ಅಕ್ಷರ ಎಲ್ಲ ಅವೇ, ಅಗಲ ಮಾತ್ರ ಬೇರೆ ಎಂದೆ. "ನಿಮ್ಮ ಸೋದರಳಿಯ ನಿಮ್ಮನ್ನು ಮೇಲಿನ ಸಾಲಿನಲ್ಲೇ ಕೂರಿಸಿದ್ದರು, ಯಂತ್ರ ಇಳಿಸಿದ್ದು" ಎಂದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. "ಹಾಗಾದ್ರೆ ಮಾಣಿ ಅವತ್ತು ಹೇಳಿದ್ದು ಸತ್ಯವಾ?" ಎಂದು ಕೇಳಿದರು. ಸತ್ಯ ಎಂದೆ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಮೂಡಬಿದ್ರೆಗೆ ಬಸ್ಸು ಎಷ್ಟು ಹೊತ್ತಿಗೆ ಉಂಟು ಎಂದು ವಿಚಾರಿಸಿದರು. ಈ ಕಾಗದಕ್ಕಿಂತ ಮೊದಲು ಅವರು ನಿಮ್ಮ ಮನೆ ತಲುಪಿರುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರುವ.

ನಿಮ್ಮ ಲಗ್ನಪತ್ರಿಕೆಯ ಹಾಳೆ ಪ್ರಿಂಟರಿನಿಂದ ಹೊರಗೆ ಬಂದಾಗ ನಾನು ಅದನ್ನು ಓದಿದೆ. ಪಡ್ಪು ಮನೆಯಿಂದ ಬಂದ ಮೇಲೆ ಓದದೆ ಒಂದು ಹಾಳೆಯನ್ನೂ ನಾನು ಅಚ್ಚಿಗೆ ಕೊಟ್ಟದ್ದಿಲ್ಲ. ಮಾವನ ಹೆಸರು ಕೆಳಗೆ ಇಳಿದದ್ದನ್ನು ನೋಡಿದೆ. ವ್ಯವಸ್ಥೆ, ಮುದ್ರಣ, ಪುಟ, ಇತರೆ. ನಿಮ್ಮ ದಾರಿ ನನಗೆ ಬಾಯಿಪಾಠ. ಕೀಲಿಯ ಮೇಲೆ ಬೆರಳಿಟ್ಟೆ. ಆಗ ನೀವು ಬರೆದ 'ಅಷ್ಟು ದೊಡ್ಡ ವಿಷಯವೂ ಅಲ್ಲವಲ್ಲ' ಎಂಬ ಮಾತು ನೆನಪಾಯಿತು. ಬೆರಳು ತೆಗೆದು, ಹಾಳೆಯನ್ನು ಹಾಗೆಯೇ ಅಚ್ಚಿಗೆ ಕೊಟ್ಟೆ.

ಇದನ್ನು ನಿಮ್ಮ ಮಾವನಿಗೆ ಹೇಳಲಿಲ್ಲ. ಹೇಳಿದರೆ ಅವರ ಮನಸ್ಸು ಮತ್ತೊಮ್ಮೆ ನೋಯುತ್ತದೆ. ಹೊರಡುವಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನಿಂದಾಗಿ ನಮ್ಮ ಹುಡುಗ ಸಿಕ್ಕಿದ" ಎಂದರು. ಆ ಕೈಯ ಭಾರ ಇನ್ನೂ ತಲೆಯ ಮೇಲೆ ಉಂಟು.

ನಿಮಗೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಇನ್ನೊಮ್ಮೆ ಅದೇ ಹಾಳೆ ಕೈಗೆ ಬಂದರೆ, ನಿಮ್ಮ ಹೆಸರಾದರೆ ಇಳಿಯಲಿ ಎಂದೇ ಬಿಡುತ್ತೇನೆ. ಆದರೆ ಇಳಿದದ್ದು ನಿಮ್ಮ ಹೆಸರಲ್ಲ.

ನೀವು ಯಾರಿಗೆ ಬೇಕಾದರೂ ಹೇಳಬಹುದು, ಧಣಿಗೂ ಬರೆಯಬಹುದು, ಆ ಅಭ್ಯಾಸ ನಿಮಗೆ ಇದೆಯಲ್ಲ. ಹೇಳದಿದ್ದರೂ ಮುಂದಿನ ಭಾನುವಾರ ನಾನು ಪಡ್ಪು ಮನೆಗೆ ಹೋಗುತ್ತೇನೆ, ತಪ್ಪುಕಾಣಿಕೆ ಹಾಕಲಿಕ್ಕೆ. ಅಮ್ಮನೂ ಬರುತ್ತೇನೆ ಎಂದಿದ್ದಾರೆ. ಅಂಗಳದಲ್ಲಿ ಎಲ್ಲಿ ನಿಲ್ಲಬೇಕೆಂದು ನನಗೆ ಯಾರೂ ತೋರಿಸಬೇಕಾಗಿಲ್ಲ. ಈ ಸಲ ಹೇಳುವ ತಪ್ಪು ನನ್ನದೇ.

ವಾರಿಜಾಕ್ಷಿ